ಹಗುರವಾದ ಹೊರೆ, ಕಡಿದಾದ ದಾರಿ



ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹತ್ತಿರ ಹೋದವರಿಗೆ ಬೆಟ್ಟದ ಒರಟುತನದೊಡನೆ ತಮ್ಮ ಬೆನ್ನಿನ ಗಂಟಿನ ನಿಜವಾದ ತೂಕವೂ ತಿಳಿಯುತ್ತದೆ. ಈ ಹೊತ್ತು ಆ ಗಂಟಿನ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಹೋಗುವ ಕಾಲುದಾರಿಯನ್ನೇ ನೋಡೋಣ. ಶಿಖರದ ಎತ್ತರ ೧೭೧೨ ಮೀಟರು. ಕ್ಷೇತ್ರವಾದರೋ ಘಟ್ಟದ ಬುಡದಲ್ಲಿದೆ. ಆದುದರಿಂದ ಸುಮಾರು ೧೫೦೦ ಮೀಟರುಗಳನ್ನು ಕಾಲಿನಿಂದಲೇ ಏರಬೇಕು. ಮೊದಲು ದಟ್ಟವಾದ ಕಾಡು. ಅಲ್ಲಿ ಮರದ ಬೇರುಗಳೇ ಮೆಟ್ಟಿಲು. ಗಿರಿಗದ್ದೆಯನ್ನು ದಾಟಿದ ಮೇಲೆ ನೆರಳಿಲ್ಲದ ಹುಲ್ಲಿನ ಏರು. ಕಲ್ಲುಮಂಟಪ ಮತ್ತು ಶೇಷಪರ್ವತಗಳನ್ನು ಕಳೆದು, ತುಸು ಇಳಿದು, ಮತ್ತೆ ಕಾಡನ್ನು ಹೊಕ್ಕು, ಬಂಡೆಯನ್ನು ಹತ್ತಿದರೆ ಶಿಖರವು ದೊರೆಯುತ್ತದೆ.

ಇಂತಹ ದಾರಿಯಲ್ಲಿ ಐದು ಕಿಲೋಗ್ರಾಂ ಹೆಚ್ಚಿಗೆ ಹೊತ್ತರೆ ಏನಾದೀತು? ಐದು ಕಿಲೋಗ್ರಾಮಿನ ಗಂಟೊಂದನ್ನು ಒಂದು ಮೀಟರು ಎತ್ತರದ ಕಟ್ಟೆಯ ಮೇಲಕ್ಕೆ ೧೫೦೦ ಸಲ ಎತ್ತಿಟ್ಟಷ್ಟು ಕೆಲಸವನ್ನು ನಮ್ಮ ಕಾಲುಗಳು ಅಧಿಕವಾಗಿ ಮಾಡಬೇಕು. ಇಳಿಯುವಾಗ ಆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ದಣಿದ ಕಾಲು ತಪ್ಪು ಹೆಜ್ಜೆಯನ್ನಿಡುತ್ತದೆ. ಆದುದರಿಂದ ಹಗುರವಾಗಿ ನಡೆಯುವುದು ಸುಖದ ಮಾತಷ್ಟೇ ಅಲ್ಲ, ಕ್ಷೇಮದ ಮಾತೂ ಹೌದು.

ಹಾಗಾದರೆ ಎಷ್ಟು ಕಡಮೆ ಹೊರಬಹುದು? ಇದಕ್ಕೆ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬಾಕೆಯ ನಿದರ್ಶನವು ಪ್ರಸಿದ್ಧವಾದುದು. ಹನ್ನೊಂದು ಮಕ್ಕಳ ತಾಯಿಯಾದ ಈಕೆ ೧೯೫೫ರಲ್ಲಿ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಎರಡು ಸಾವಿರ ಮೈಲಿಗೂ ಮಿಕ್ಕ ಅಪಲೇಚಿಯನ್ ಪರ್ವತಮಾರ್ಗವನ್ನು ಒಬ್ಬಳೇ ನಡೆದು ಮುಗಿಸಿದಳು. ಕೈಯಿಂದ ಹೊಲಿದ ಒಂದು ಬಟ್ಟೆಯ ಚೀಲ, ಕಂಬಳಿ, ಮಳೆಗೆ ಸ್ನಾನದ ಮನೆಯ ಪರದೆ, ಕಾಲಿಗೆ ಕ್ಯಾನ್ವಾಸಿನ ಜೋಡು: ಆಕೆಯ ಸಲಕರಣೆಗಳು ಬಹುಮಟ್ಟಿಗೆ ಇಷ್ಟೇ. ಡೇರೆಯಿರಲಿಲ್ಲ.

ಆದರೆ ಕಥೆಯ ಇನ್ನೊಂದು ಭಾಗವನ್ನೂ ನಾವು ಮರೆಯಲಾಗದು. ಹಿಂದಿನ ವರ್ಷ, ೧೯೫೪ರಲ್ಲಿ, ಆಕೆ ಕಾಡಿನಲ್ಲಿ ದಾರಿ ತಪ್ಪಿ ಹಿಂದಿರುಗಬೇಕಾಗಿತ್ತು. ಯಶಸ್ವಿಯಾದ ಯಾತ್ರೆಯಲ್ಲಿಯೂ ಎಷ್ಟೋ ರಾತ್ರಿ ಅಪರಿಚಿತರು ಬಾಗಿಲು ತೆರೆದು ಊಟವಿಕ್ಕಿ ಮಲಗಲು ಎಡೆಗೊಟ್ಟರು. ಆ ಚಿಕ್ಕ ಚೀಲವನ್ನು ಅಷ್ಟು ದೂರ ಒಯ್ದುದರಲ್ಲಿ ಆಕೆಯ ಧೈರ್ಯಕ್ಕಿರುವಂತೆ ಅವರ ಔದಾರ್ಯಕ್ಕೂ ಪಾಲುಂಟು.

ನಾವು ವಿಚಾರ ಮಾಡಬೇಕಾದುದು ಇಲ್ಲಿಯೇ. ನಾವು ಮನೆಯಲ್ಲಿ ಬಿಟ್ಟುಬಂದ ತೂಕವನ್ನು ಬೆಟ್ಟದ ಮೇಲೆ ಮತ್ತೊಬ್ಬರು ಹೊರಬೇಕಾದರೆ ಹೊರೆ ಕಡಮೆಯಾದಂತಾಗಲಿಲ್ಲ. ಹೆಗಲು ಬದಲಾಯಿತು, ಅಷ್ಟೆ. ಒಂದು ಲೀಟರು ನೀರಿಗೆ ಒಂದು ಕಿಲೋಗ್ರಾಂ ತೂಕವುಂಟು. ಅದನ್ನು ಉಳಿಸಹೊರಟವನು ಕಲ್ಲುಮಂಟಪದ ಹತ್ತಿರ ಸಂಗಡಿಗನ ನೀರಿಗೆ ಕೈ ಚಾಚುತ್ತಾನೆ. ದೀಪವಿಲ್ಲದೆ ಕತ್ತಲಿಗೆ ಸಿಕ್ಕಿದವನನ್ನು ಹುಡುಕಲು ಊರಿನವರು ಏರಬೇಕಾಗುತ್ತದೆ.

ಆದುದರಿಂದ ಹೊರಡುವ ಹಿಂದಿನ ರಾತ್ರಿ ಸಾಮಾನುಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಳ್ಳೋಣ. ‘ಇರಲಿ, ಬೇಕಾದೀತು’ ಎಂದು ಸೇರಿಸಿದ ಎರಡನೆಯ ಜೊತೆ ಉಡುಪು, ದಪ್ಪ ಪಾತ್ರೆ, ಓದದ ಪುಸ್ತಕ, ಇವುಗಳನ್ನು ತೆಗೆದಿಡೋಣ. ನೀರು, ಚಳಿಮಳೆಗಳನ್ನು ತಡೆಯುವ ಒಂದು ಹೊದಿಕೆ, ಕೈದೀಪ, ಗಾಯಕ್ಕೆ ಪಟ್ಟಿ, ಇವುಗಳನ್ನು ಮಾತ್ರ ಎಂದಿಗೂ ಬಿಡಬಾರದು. ಬುತ್ತಿಗೆ ಅವಲಕ್ಕಿ, ಬೆಲ್ಲ, ಹುರಿಗಡಲೆಗಳು ಸಾಕು. ಅವುಗಳಿಗೆ ಒಲೆ ಬೇಡ, ಬೆಂಕಿ ಬೇಡ. ಬೇಸಗೆಯ ಒಣಹುಲ್ಲಿನಲ್ಲಿ ಒಂದು ಕಿಡಿಯು ಮಾಡಬಲ್ಲ ಅನಾಹುತವನ್ನು ಹೇಳಬೇಕಾದುದಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದೇ ಹೊರಡೋಣ. ತುಂಬಿದಾಗ ಒಯ್ದ ಸೀಸೆಯನ್ನು ಬರಿದಾದ ಮೇಲೆ ಹಿಂದಕ್ಕೆ ತರುವುದು ಎಷ್ಟರ ಭಾರ?

ತನ್ನ ಅಗತ್ಯವನ್ನು ತಾನು ಹೊತ್ತು, ಅನಗತ್ಯವನ್ನು ಮನೆಯಲ್ಲಿರಿಸಿ ನಡೆಯುವವನಿಗೆ ತಲೆಯೆತ್ತಿ ನೋಡಲು ಬಿಡುವು ದೊರೆಯುತ್ತದೆ. ನಾವು ಬೆಟ್ಟಕ್ಕೆ ಹೋಗುವುದು ಅದಕ್ಕಾಗಿಯೇ ಅಲ್ಲವೆ?