ಹತ್ತು ಸಾವಿರದ ಬ್ರಷ್ಷು ಎಬ್ಬಿಸುವುದೂ ನೊರೆಯನ್ನೇ

(ನಗರದ ಗ್ರಂಥಾಲಯವೊಂದರ ಓದುಗರ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಮಾತಾಡಲು ಕರೆದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಷೇವಿಂಗ್ ಬ್ರಷ್ಷಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಚುನಾವಣೆ, ಬರ, ಭಾಷೆ ಎಂದು ಘನವಾದ ವಿಷಯಗಳಿರುವಾಗ ಗಡ್ಡದ ಮಾತೇಕೆ ಎಂದು ಅವರಿಗೆ ಅನಿಸಿರಬೇಕು. ಆದರೆ ಒಂದು ವಸ್ತುವಿಗೆ ನಾವು ಕೊಡುವ ದುಡ್ಡು ನಿಜಕ್ಕೂ ಯಾವುದಕ್ಕೆ ಹೋಗುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಒಂದು ಬ್ರಷ್ಷು.

ನನ್ನ ತಂದೆ ಬಸ್ ಕಂಡಕ್ಟರ್ ಆಗಿದ್ದವರು. ನೈಟ್ ಹಾಲ್ಟ್ ಇದ್ದ ದಿನ ಯಾವುದೋ ಹಳ್ಳಿಯಲ್ಲಿ ಬಸ್ಸಿನ ಸೀಟಿನ ಮೇಲೇ ಮಲಗಿ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಬಸ್ಸಿನ ಕನ್ನಡಿಯ ಮುಂದೆ ತಣ್ಣೀರಲ್ಲೇ ಗಡ್ಡ ಹೆರೆದುಕೊಂಡು ಮೊದಲ ಟ್ರಿಪ್ಪಿಗೆ ಸಿದ್ಧರಾಗುತ್ತಿದ್ದರು. ಅವರ ತಗಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಹಿಡಿಯ ಒಂದು ಅಗ್ಗದ ಬ್ರಷ್ಷು ಇರುತ್ತಿತ್ತು. ಅವರು ನಿವೃತ್ತರಾದಾಗ ನಾನು ನಗರದ ಅಂಗಡಿಯೊಂದರಲ್ಲಿ 4,200 ರೂಪಾಯಿ ಕೊಟ್ಟು ಹೊಸ ಬ್ರಷ್ಷು ತಂದೆ. ಡಬ್ಬಿಯ ಮೇಲೆ 'ಪ್ಯೂರ್ ಬ್ಯಾಡ್ಜರ್' ಎಂದಿತ್ತು. ಪ್ಯೂರ್ ಎಂದರೆ ಅಪ್ಪಟ, ಇದಕ್ಕಿಂತ ಮೇಲಿನದು ಇನ್ನೇನಿದ್ದೀತು ಎಂದುಕೊಂಡೆ. ಮೂರು ತಿಂಗಳಾದರೂ ಅದು ದಿನಕ್ಕೆ ಐದಾರು ಕೂದಲು ಉದುರಿಸುತ್ತಿತ್ತು. ಅಪ್ಪ ಗಲ್ಲದ ಮೇಲಿನ ನೊರೆಯಿಂದ ಒಂದೊಂದೇ ಕೂದಲು ಹೆಕ್ಕಿ ತೆಗೆದು, ಏನೂ ಹೇಳದೆ ಹಳೆಯ ಬ್ರಷ್ಷಿಗೆ ಮರಳಿದರು.

ಆಗ ನಾನು ಓದತೊಡಗಿದೆ. ಓದಿದ ಮೊದಲ ಸಂಗತಿಯೇ ನನ್ನನ್ನು ನಗಿಸಿತು. ಬ್ರಷ್ಷಿನ ವ್ಯಾಪಾರದಲ್ಲಿ 'ಪ್ಯೂರ್' ಎಂದರೆ ಬ್ಯಾಡ್ಜರ್ ಕೂದಲಿನ ಅತ್ಯಂತ ಕೆಳಗಿನ ದರ್ಜೆ! ಅದರ ಮೇಲೆ 'ಬೆಸ್ಟ್', ಅದಕ್ಕೂ ಮೇಲೆ 'ಸೂಪರ್', ಎಲ್ಲಕ್ಕಿಂತ ಮೇಲೆ 'ಸಿಲ್ವರ್‌ಟಿಪ್', ಅಂದರೆ ಬೆಳ್ಳಿತುದಿ. ಇನ್ನೂ ಮಜವೆಂದರೆ ಈ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಒಬ್ಬ ತಯಾರಕನ 'ಬೆಸ್ಟ್' ಇನ್ನೊಬ್ಬನ 'ಸೂಪರ್' ಆಗಬಹುದು. ಚಿನ್ನಕ್ಕೆ ಕ್ಯಾರೆಟ್ ಇದೆ, ಹಾಲ್‌ಮಾರ್ಕ್ ಇದೆ. ಬ್ರಷ್ಷಿನ ಕೂದಲಿಗೆ ತಯಾರಕನ ಮಾತೇ ಪ್ರಮಾಣ.

ಬ್ಯಾಡ್ಜರ್ ಎಂದರೆ ಯಾವುದು? ಯುರೋಪು, ಏಷ್ಯಾಗಳಲ್ಲಿ ಬಿಲ ತೋಡಿ ಬದುಕುವ ರಾತ್ರಿ ಸಂಚಾರದ ಪ್ರಾಣಿ. ನಮ್ಮ ಕಾಡುಗಳ ತರಕರಡಿಗೆ ದೂರದ ನೆಂಟ. ಫ್ರೆಂಚರ ಭಾಷೆಯಲ್ಲಿ ಈ ಪ್ರಾಣಿಗೂ ಷೇವಿಂಗ್ ಬ್ರಷ್ಷಿಗೂ 'ಬ್ಲೇರೊ' ಎಂಬ ಒಂದೇ ಹೆಸರು. ನಂಟು ಅಷ್ಟು ಹಳೆಯದು. ಇಂಗ್ಲೆಂಡಿನ ಕೆಂಟ್ ಕಂಪನಿ 1777ರದ್ದು, ಪ್ಯಾರಿಸ್ಸಿನ ಪ್ಲಿಸ್ಸೋನ್ 1808ರದ್ದು. ಇಂಥ ಹೆಸರುಗಳ ಬೆಳ್ಳಿತುದಿ ಬ್ರಷ್ಷುಗಳ ಬೆಲೆ ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರ ದಾಟುವುದು ಅಪರೂಪವಲ್ಲ. ನಮ್ಮ ಬೀದಿಯ ಅಂಗಡಿಯಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಬ್ರಷ್ಷು ಸಿಗುತ್ತದೆ. ಈ ನೂರು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು?

ಮೊದಲು ಬ್ರಷ್ಷಿನ ಕೆಲಸ ನೋಡೋಣ. ಒಣಗಿದ ಗಡ್ಡದ ಕೂದಲು ಗಟ್ಟಿ. ನೀರು ಕುಡಿದರೆ ಮೆತ್ತಗಾಗುತ್ತದೆ, ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ನೀರನ್ನು ಮುಖದ ಮೇಲೆ ಹಿಡಿದಿಡುವುದು ನೊರೆಯ ಕೆಲಸ. ಬ್ರಷ್ಷು ಸೋಪು, ನೀರು, ಗಾಳಿ ಮೂರನ್ನೂ ಬೆರೆಸಿ ಆ ನೊರೆಯನ್ನು ಎಬ್ಬಿಸುತ್ತದೆ, ಚರ್ಮಕ್ಕೆ ಅಂಟಿ ಮಲಗಿದ ಕೂದಲನ್ನು ಎತ್ತಿ ನಿಲ್ಲಿಸುತ್ತದೆ. ಕೆಲಸ ಇಷ್ಟೆ.

ಬ್ಯಾಡ್ಜರ್ ಕೂದಲು ನಡುವೆ ದಪ್ಪ, ತುದಿಯಲ್ಲಿ ಸಣ್ಣ. ಅದಕ್ಕೇ ಕೆನ್ನೆಗೆ ಹಿತ, ಎಳೆಗಳ ನಡುವೆ ನೀರೂ ಚೆನ್ನಾಗಿ ನಿಲ್ಲುತ್ತದೆ. ಹಂದಿ ಕೂದಲು ಒರಟು. ಆದರೆ ಬಳಸುತ್ತ ಹೋದಂತೆ ಅದರ ತುದಿ ಸೀಳಿ ಮೆತ್ತಗಾಗುತ್ತದೆ. ಹತ್ತಾರು ಷೇವಿಂಗ್‌ಗಳ ನಂತರ ಅದೂ ಸೊಗಸಾದ ನೊರೆ ಕೊಡುತ್ತದೆ. ಇನ್ನು ಕೃತಕ ಎಳೆ. ನೈಲಾನ್ ಎಳೆಯ ಮೊದಲ ಹಲ್ಲುಜ್ಜುವ ಬ್ರಷ್ಷು 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದುವರೆಗೆ ಹಲ್ಲಿಗೂ ಹಂದಿ ಕೂದಲೇ ಗತಿ. ಷೇವಿಂಗ್ ಬ್ರಷ್ಷಿನಲ್ಲಿ ಮಾತ್ರ ಹಳೆಯ ನೈಲಾನ್ ಸೋತಿತ್ತು. ಅದು ಬಿರುಸು, ನೀರು ಹಿಡಿಯುತ್ತಿರಲಿಲ್ಲ. ಈಗಿನ ಕೃತಕ ಎಳೆಗಳ ತುದಿಯನ್ನು ಬ್ಯಾಡ್ಜರ್ ಕೂದಲಿನಂತೆಯೇ ಸಣ್ಣಗೆ ಮಾಡುತ್ತಾರೆ. ಅವು ಮೆತ್ತಗಿರುತ್ತವೆ, ಬೇಗ ಒಣಗುತ್ತವೆ, ಸೋಪನ್ನೂ ಕಡಿಮೆ ತಿನ್ನುತ್ತವೆ. ಸಾವಿರ ರೂಪಾಯಿಯ ಒಳಗೆ ಇಂಥ ಒಳ್ಳೆಯ ಬ್ರಷ್ಷು ಸಿಗುತ್ತದೆ.

ಈಗ ಸಣ್ಣದೊಂದು ಲೆಕ್ಕ. ನೂರು ರೂಪಾಯಿಯ ಬ್ರಷ್ಷು ಎರಡು ವರ್ಷ ಬಂತು ಎನ್ನಿ, ವರ್ಷಕ್ಕೆ 50 ರೂಪಾಯಿ. ಎಂಟುನೂರರ ಕೃತಕ ಬ್ರಷ್ಷು ಎಂಟು ವರ್ಷ ಬಂದರೆ ವರ್ಷಕ್ಕೆ 100. ಹನ್ನೆರಡು ಸಾವಿರದ ಬೆಳ್ಳಿತುದಿ ಹದಿನೈದು ವರ್ಷ ಬಾಳಿದರೂ ವರ್ಷಕ್ಕೆ 800. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಹತ್ತಿದರೆ ವ್ಯತ್ಯಾಸ ಮುಖಕ್ಕೆ ಗೊತ್ತಾಗುತ್ತದೆ. ಎರಡರಿಂದ ಮೂರನೆಯದಕ್ಕೆ ಹತ್ತಿದಾಗ ಅದು ಮುಖಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಗೊತ್ತಾಗುತ್ತದೆ. ಅಲ್ಲಿ ದುಡ್ಡು ಹೋಗುವುದು ಕೈಯಿಂದ ಕಟ್ಟಿದ ಕೂದಲ ಗಂಟಿಗೆ, ಹಿಡಿಯ ಚೆಂದಕ್ಕೆ, ಕಂಪನಿಯ ಹೆಸರಿಗೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಕೈಮಗ್ಗದ ಸೀರೆಗೆ ಹೆಚ್ಚು ಕೊಡುವ ನಾವು ಕೈಕೆಲಸದ ಬೆಲೆಯನ್ನು ಬಲ್ಲೆವು. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ತಿಳಿದಿರಬೇಕು.

ತಿಳಿಯದೆ ಕೊಂಡರೆ ಬೆಲೆ ಕೆಲವೊಮ್ಮೆ ದುಡ್ಡಿನಲ್ಲಿ ಮುಗಿಯುವುದಿಲ್ಲ. ಮೊದಲ ಮಹಾಯುದ್ಧದ ಕಾಲದ ಮಾತು. ಸೈನಿಕರೆಲ್ಲ ಗಡ್ಡ ಹೆರೆದುಕೊಳ್ಳಬೇಕಾಗಿದ್ದ ಕಾಲ ಅದು. ಜಿಲೆಟ್ ಕಂಪನಿಯೊಂದೇ ಅಮೆರಿಕದ ಸೇನೆಗೆ ಸುಮಾರು 35 ಲಕ್ಷ ರೇಜರುಗಳನ್ನು ಒದಗಿಸಿತ್ತು. ರೇಜರಿನ ಜೊತೆ ಬ್ರಷ್ಷೂ ಬೇಕಲ್ಲ? ಯುದ್ಧದಿಂದ ಕೂದಲ ವ್ಯಾಪಾರದ ಹಳೆಯ ದಾರಿಗಳು ಮುಚ್ಚಿದ್ದವು, ಬ್ಯಾಡ್ಜರ್ ಕೂದಲು ಸಿಗುವುದು ಕಷ್ಟವಾಗಿತ್ತು. ಆಗ ಕುದುರೆ ಕೂದಲಿಗೇ ಬ್ಯಾಡ್ಜರಿನ ವೇಷ ಹಾಕಿ ಬ್ರಷ್ಷು ಮಾಡಿದರು. ಹೊರದೇಶಗಳಿಂದ ಬಂದ ಆ ಕೂದಲನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ಅದರಲ್ಲಿ ಆಂಥ್ರಾಕ್ಸ್ ರೋಗಾಣುಗಳಿದ್ದವು. ನಮ್ಮ ಹಳ್ಳಿಗಳಲ್ಲಿ ದನಕುರಿಗಳನ್ನು ಕೊಲ್ಲುವ ನೆರಡಿ ರೋಗವೇ ಅದು. ಬ್ಲೇಡು ತಾಗಿದ ಸಣ್ಣ ಗಾಯದ ಮೂಲಕ ರೋಗ ಒಳಹೊಕ್ಕಿತು. ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರು, ನಾಗರಿಕರು ಸೇರಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು, ಸತ್ತವರೂ ಉಂಟು. ಬ್ರಿಟನ್ 1920ರಲ್ಲಿ ಜಪಾನಿನ ಷೇವಿಂಗ್ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು.

ಗಮನಿಸಿ, ಇಲ್ಲಿ ಕುದುರೆ ಕೂದಲು ತಪ್ಪಿತಸ್ಥನಲ್ಲ. ಶುದ್ಧಿ ಮಾಡಿದ್ದರೆ ಅದರಿಂದ ಅಪಾಯವಿರಲಿಲ್ಲ. ಕೂದಲ ಜಾತಿ ಯಾವುದು ಎಂದು ಕೊಳ್ಳುವವರು ನೋಡಿದರು. ಅದನ್ನು ತೊಳೆದವರು ಯಾರು ಎಂದು ಯಾರೂ ಕೇಳಲಿಲ್ಲ. ಡಬ್ಬಿಯ ಮೇಲಿನ ಒಂದು ಪದವನ್ನು ನಂಬಿ ದುಡ್ಡು ಕೊಟ್ಟ ನನಗೂ ಅವರಿಗೂ ಹೆಚ್ಚು ಅಂತರವಿಲ್ಲ. ನಾನು ಕಳೆದುಕೊಂಡದ್ದು ದುಡ್ಡು ಮಾತ್ರ.

ಇನ್ನೊಂದು ಬೆಲೆಯೂ ಇದೆ. ಅದನ್ನು ತೆರುವುದು ನಾವಲ್ಲ, ಪ್ರಾಣಿ. ಬ್ರಿಟನ್ನಿನಲ್ಲಿ ಬ್ಯಾಡ್ಜರಿಗೆ 1992ರ ಕಾಯ್ದೆಯ ರಕ್ಷಣೆ ಇದೆ. ಅಲ್ಲಿನ ಹೆಸರಾಂತ ಬ್ರಷ್ಷುಗಳಿಗೂ ಕೂದಲು ಬರುವುದು ಮುಖ್ಯವಾಗಿ ಚೀನಾದಿಂದ. ಅಲ್ಲಿನ ಫಾರಂಗಳಲ್ಲಿ ಬ್ಯಾಡ್ಜರ್‌ಗಳನ್ನು ಸಣ್ಣ ಪಂಜರಗಳಲ್ಲಿಟ್ಟು ಕೊಲ್ಲುವ ದೃಶ್ಯಗಳನ್ನು ಪೇಟಾ ಸಂಘಟನೆ 2018ರಲ್ಲಿ ಹೊರಗೆಡಹಿತು. ನಮ್ಮಲ್ಲೂ ಚಿತ್ರಕಾರರ ಕುಂಚಕ್ಕಾಗಿ ಮುಂಗುಸಿಗಳನ್ನು ಕೊಂದ ಕಥೆ ಇದೆ. ವನ್ಯಜೀವಿ ಕಾಯ್ದೆ ಅದನ್ನು ನಿಷೇಧಿಸಿದರೂ ಕಳ್ಳ ವ್ಯಾಪಾರದ ಮುಂಗುಸಿ ಕೂದಲು ಆಗಾಗ ಸಿಕ್ಕಿಬೀಳುತ್ತದೆ. ಮೆತ್ತನೆಯ ಕೃತಕ ಎಳೆ ಇಲ್ಲದ ಕಾಲದಲ್ಲಿ 'ಬೇರೆ ದಾರಿಯೇನಿತ್ತು' ಎನ್ನಬಹುದಿತ್ತು. ಇಂದು ಆ ಮಾತು ನಿಲ್ಲುವುದಿಲ್ಲ.

ಹಾಗಾದರೆ ದುಬಾರಿ ಬ್ರಷ್ಷು ಕೊಳ್ಳಬೇಕೆ? ನನ್ನ ಉತ್ತರ ಹೀಗೆ: ಟ್ಯೂಬಿನ ಕ್ರೀಮನ್ನು ಬೆರಳಿನಿಂದ ಸವರಿಕೊಳ್ಳುವವರು ಒಮ್ಮೆ ಬ್ರಷ್ಷು ಹಿಡಿದು ನೋಡಿ, ಸುಖವಿದೆ. ಅಗ್ಗದ್ದು ಚುಚ್ಚುತ್ತದೆ ಎನಿಸಿದರೆ ಸಾವಿರದೊಳಗಿನ ಒಳ್ಳೆಯ ಕೃತಕ ಬ್ರಷ್ಷು ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಅದು ನಿಮ್ಮ ಷೋಕಿ, ನೊರೆಗೂ ಅದಕ್ಕೂ ಸಂಬಂಧ ಕಡಿಮೆ. ಯಾವ ಬ್ರಷ್ಷಾದರೂ ಕುದಿಯುವ ನೀರಿಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಸೋಪು ಪೂರ್ತಿ ಹೋಗುವಂತೆ ತೊಳೆದು, ಕೊಡವಿ, ಗಾಳಿಗೆ ಇಡಿ. ನಮ್ಮ ಬೀದಿಯ ಕ್ಷೌರಿಕರನ್ನು ಕೇಳಿದೆ. ಅವರದು ತೀರ ಸಾಧಾರಣ ಬ್ರಷ್ಷು. ನೊರೆಯ ಗುಟ್ಟು ಏನೆಂದರೆ, ನೀರನ್ನು ಹನಿಹನಿಯಾಗಿ ಸೇರಿಸುವುದು, ಅವಸರ ಮಾಡದಿರುವುದು ಎಂದರು. ಅಪ್ಪನ ಹಳೆಯ ಬ್ರಷ್ಷು ಅಷ್ಟು ವರ್ಷ ಹೇಗೆ ಬಾಳಿತೆಂದು ಆಗ ನನಗೆ ಅರ್ಥವಾಯಿತು. ಕತ್ತಲಲ್ಲಿ, ತಣ್ಣೀರಲ್ಲಿ, ಬಸ್ಸು ಹೊರಡುವ ಹೊತ್ತಾಗಿದ್ದರೂ ಅವರು ಅದನ್ನು ತೊಳೆಯದೆ ಡಬ್ಬಿಗೆ ಹಾಕಿದವರಲ್ಲ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಹೊಸ ಬ್ರಷ್ಷಿನ ಬೆಲೆ ಎಷ್ಟೆಂದು ಅಪ್ಪ ಅಂದೇ ಕೇಳಿದ್ದರು. ಬೈದಾರೆಂದು ಹೆದರಿ ನಾನು ಎಂಟುನೂರು ಎಂದಿದ್ದೆ. ಡಬ್ಬಿಯ ಮೇಲಿನ ಪದದಷ್ಟೇ ನಿಜ ನನ್ನ ಮಾತಿನಲ್ಲೂ ಇತ್ತು. ಈ ಭಾಷಣ ಪತ್ರಿಕೆಯಲ್ಲಿ ಅಚ್ಚಾಗಲಿದೆ ಎಂದು ಸಂಪಾದಕರು ಹೇಳಿದ್ದಾರೆ. ಅಪ್ಪ ಭಾನುವಾರದ ಪತ್ರಿಕೆಯನ್ನು ಒಂದು ಸಾಲೂ ಬಿಡದೆ ಓದುತ್ತಾರೆ.