ಮನೆಗೊಂದು ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ದುಡ್ಡು?

(ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಡಿಮೆ ಖರ್ಚಿನಲ್ಲಿ ಮನೆಗೆ ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಳ್ಳುವುದು ಹೇಗೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಇದೆಯೇ, ಮೇಕಿಂಗ್ ಚಾರ್ಜ್ ಎಷ್ಟು ಎಂದು ಹತ್ತು ಸಲ ಕೇಳುವವರು ನಾವು. ಕಂಪ್ಯೂಟರ್ ಎಂದ ಕೂಡಲೇ ಮಾತ್ರ "ಅದೆಲ್ಲ ಅವರಿಗೇ ಗೊತ್ತು" ಎಂದು ಹಿಂದೆ ಸರಿಯುತ್ತೇವೆ. ಆ "ಅವರು" ಕೂಡ ಅನೇಕ ಸಲ ಅಂಗಡಿಯವನು ಹೇಳಿದ್ದಕ್ಕೆ ಹೂಂಗುಟ್ಟಿ ದುಡ್ಡು ಎಣಿಸಿ ಬರುತ್ತಾರೆ. ಹೋಗುವುದು ಮನೆಯ ಉಳಿತಾಯದ ಹಣ. ಅದು ಎಲ್ಲಿ ಹೋಗುತ್ತದೆ ಎಂಬುದು ನಮಗೂ ತಿಳಿದಿರಬೇಕು.

ಲ್ಯಾಪ್‌ಟಾಪ್ ಏಕೆ ಬೇಡ ಎಂದು ಕೇಳಬಹುದು. ಕಾಲೇಜಿಗೋ ಆಫೀಸಿಗೋ ಹೊತ್ತೊಯ್ಯಬೇಕಾದರೆ ಲ್ಯಾಪ್‌ಟಾಪೇ ಸರಿ. ಮನೆಯಲ್ಲೇ ಇದ್ದು ನಾಲ್ಕು ಜನ ಸರದಿಯಲ್ಲಿ ಬಳಸುವುದಾದರೆ ಡೆಸ್ಕ್‌ಟಾಪ್ ಉತ್ತಮ. ಪರದೆ ದೊಡ್ಡದು, ಕುತ್ತಿಗೆ ಬಗ್ಗಿಸಬೇಕಿಲ್ಲ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಮನೆಯವರ ಕೆಲಸಗಳನ್ನು ಬರೆಯಿರಿ. ಮಗಳ ಆನ್‌ಲೈನ್ ಕ್ಲಾಸು, ಮಗನ ಪ್ರಾಜೆಕ್ಟು, ನಿಮ್ಮ ಕನ್ನಡ ಟೈಪಿಂಗ್, ಬ್ಯಾಂಕಿನ ಕೆಲಸ, ಊರಿನವರೊಂದಿಗೆ ವಿಡಿಯೊ ಕರೆ. ಪಟ್ಟಿಯಲ್ಲಿ ಇಷ್ಟೇ ಇದ್ದರೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ದೊಡ್ಡ ಆಟಗಳು, ವಿಡಿಯೊ ಎಡಿಟಿಂಗ್, ಆರ್ಕಿಟೆಕ್ಚರ್ ಡ್ರಾಯಿಂಗ್ ಇದ್ದರೆ ಮಾತ್ರ ಅದರ ಯೋಚನೆ.

ಈಗ ಒಂದೊಂದೇ ಭಾಗ ನೋಡೋಣ.

ಮೊದಲನೆಯದು ಪ್ರೊಸೆಸರ್. "ಐ7 ಹಾಕಿದ್ದೇವೆ ಮೇಡಂ, ಕಮ್ಮಿ ರೇಟು" ಎಂಬ ಮಾತು ಕೇಳಿದರೆ ಪೂರ್ತಿ ನಂಬರ್ ಕೇಳಿ. ಐ7-3770 ಎಂಬುದರಲ್ಲಿ ಮೊದಲ 3 ಎಂದರೆ ಮೂರನೆಯ ತಲೆಮಾರು, 2012ರ ಮಾಲು. ಐ3-12100 ಎಂದರೆ ಹನ್ನೆರಡನೆಯ ತಲೆಮಾರು, 2022ರದ್ದು. ಎರಡರಲ್ಲೂ ನಾಲ್ಕು ಕೋರ್‌ಗಳೇ ಇದ್ದರೂ ಈ ಐ3 ಆ ಐ7ಗಿಂತ ಬಹಳ ವೇಗ. ಇನ್ನೊಂದು ವಿಷಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು ಬೇಕು. ಹಳೆಯ ಐ7 ಅಗ್ಗಕ್ಕೆ ಸಿಗುವ ಗುಟ್ಟು ಇಲ್ಲಿದೆ.

ನಂಬರಿನ ಕೊನೆಯ ಅಕ್ಷರವನ್ನೂ ನೋಡಿ. ಐ3-12100ಎಫ್ ಎಂದು ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಸ್ವಲ್ಪ ಅಗ್ಗವೆಂದು ಅದನ್ನು ತಂದರೆ ಪರದೆಯಲ್ಲಿ ಚಿತ್ರ ಮೂಡಲು ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಾಗುತ್ತದೆ. ಎಎಂಡಿಯಲ್ಲಿ ರೈಝೆನ್ 5 5600ಜಿ ಎಂಬುದರಲ್ಲಿ ಆರು ಕೋರ್ ಇವೆ, ಗ್ರಾಫಿಕ್ಸ್ ಒಳಗೇ ಇದೆ. ಇವೆರಡೇ ಬೇಕೆಂದಲ್ಲ. ನಾನು ಹೇಳಿದ ಪಟ್ಟಿಯ ಕೆಲಸಕ್ಕೆ ಈ ದರ್ಜೆ ಧಾರಾಳವಾಗಿ ಸಾಕು.

ಎರಡನೆಯದು ಮದರ್‌ಬೋರ್ಡ್. ಒಬ್ಬರ ಅಳತೆಗೆ ಹೊಲಿದ ರವಿಕೆ ಇನ್ನೊಬ್ಬರಿಗೆ ಕೂಡುವುದಿಲ್ಲವಲ್ಲ, ಹಾಗೆಯೇ ಇದು. ಐ3-12100ಕ್ಕೆ ಎಲ್‌ಜಿಎ 1700 ಸಾಕೆಟ್ ಇರುವ ಬೋರ್ಡು, 5600ಜಿಗೆ ಎಎಂ4 ಬೋರ್ಡು. ಬೋರ್ಡು ಡಿಡಿಆರ್4 ಆದರೆ ಡಿಡಿಆರ್5 ರ‍್ಯಾಮ್ ಅದರಲ್ಲಿ ಕೂರುವುದೇ ಇಲ್ಲ. ಎರಡು ರ‍್ಯಾಮ್ ಸ್ಲಾಟ್, ಒಂದು ಎಂ.2 ಸ್ಲಾಟ್, ಒಂದು ಎಚ್‌ಡಿಎಂಐ ಇದ್ದರೆ ಮನೆಗೆ ಸಾಕು.

ಮೂರನೆಯದು ರ‍್ಯಾಮ್. 8 ಜಿಬಿಗಿಂತ ಕಡಿಮೆ ಬೇಡ, 16 ಇದ್ದರೆ ಆರಾಮ. ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇರುವಾಗ ಅದು ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ಹಾಗಾಗಿ 16ರ ಒಂದು ಕಡ್ಡಿಗಿಂತ 8ರ ಎರಡು ಕಡ್ಡಿ ಒಳ್ಳೆಯದು. ಕೈ ಬಿಗಿ ಇದ್ದರೆ ಈಗ 8ರ ಒಂದು ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಮುಂದೆ ಯಾವಾಗಲಾದರೂ ಸೇರಿಸಬಹುದು. ಡೆಸ್ಕ್‌ಟಾಪಿನ ದೊಡ್ಡ ಅನುಕೂಲವೇ ಅದು.

ನಾಲ್ಕನೆಯದು ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದು ತಟ್ಟೆ ತಿರುಗಿ, ಮುಳ್ಳು ಹೋಗಿ ಓದಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಕಂಪ್ಯೂಟರ್ ಆನ್ ಮಾಡಿ ಚಹಾ ಕುಡಿದು ಬರುವ ಕಾಲ ಹೋಗಿದ್ದು ಇದರಿಂದ. 500 ಜಿಬಿಯ ಎನ್‌ವಿಎಂಇ ಸಾಕು. ಮದುವೆ, ಮುಂಜಿ ವಿಡಿಯೊಗಳಿಗೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಐದನೆಯದು ಎಸ್‌ಎಂಪಿಎಸ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಕಣ್ಣಿಗೆ ಕಾಣದ ಈ ಡಬ್ಬಿಯಲ್ಲೇ ಹೆಚ್ಚಿನ ಕಡೆ ಉಳಿತಾಯ ಮಾಡುತ್ತಾರೆ. ಗೋಡೆಯಿಂದ ಬರುವ ಕರೆಂಟನ್ನು 12, 5, 3.3 ವೋಲ್ಟ್‌ಗಳಾಗಿ ಇಳಿಸಿ ಪ್ರತಿ ಭಾಗಕ್ಕೂ ಕೊಡುವುದು ಇದೇ. "ಕ್ಯಾಬಿನೆಟ್ ಜೊತೆ ಫ್ರೀ" ಎಂದು ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿರುತ್ತದೆ. ಬರೆದಷ್ಟು ಅದು ಕೊಡುತ್ತದೆಂಬ ಖಾತ್ರಿ ಇಲ್ಲ. ಕೆಟ್ಟದ್ದು ಸುಟ್ಟಾಗ ಮದರ್‌ಬೋರ್ಡನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಕಂಪ್ಯೂಟರಿಗೆ ಸಾಮಾನ್ಯವಾಗಿ 150 ವಾಟ್ ಕೂಡ ತಗಲುವುದಿಲ್ಲ. ಆದ್ದರಿಂದ ದೊಡ್ಡ ವಾಟ್ ಬೇಡ, ಒಳ್ಳೆಯ ಕಂಪನಿಯ 400–450 ವಾಟ್ ಸಾಕು. ಡಬ್ಬಿಯ ಮೇಲೆ 80 ಪ್ಲಸ್ ಗುರುತು ಇರಲಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕರೆಂಟು ಹೋಗಿಬಂದು ಮಾಡುವ ಕಡೆ 600 ವಿಎ ಯುಪಿಎಸ್ ಇದ್ದರೆ ಬರೆದದ್ದನ್ನು ಸೇವ್ ಮಾಡಿ ಬಂದ್ ಮಾಡಲು ಸಮಯ ಸಿಗುತ್ತದೆ.

ಕ್ಯಾಬಿನೆಟ್‌ಗೆ ಬಣ್ಣದ ದೀಪ, ಗಾಜು ಬೇಡ. ಗಾಳಿ ಆಡಲಿ, ಅಷ್ಟೇ. ನೆಲದ ಮೇಲೆ ಇಡಬೇಡಿ, ಧೂಳೂ ಒರೆಸುವ ನೀರೂ ಒಳಗೆ ಹೋಗುತ್ತವೆ.

ಮಾನಿಟರ್‌ನಲ್ಲಿ ಮಾತ್ರ ಜಿಪುಣತನ ಬೇಡ. ನಿಮ್ಮ ಕಣ್ಣು ದಿನವೂ ನೋಡುವುದು ಅದನ್ನೇ. 22ರಿಂದ 24 ಇಂಚು, 1920×1080 ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್ ಎಂದು ಕೇಳಿ. ಐಪಿಎಸ್ ಆದರೆ ಪಕ್ಕದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಮುಂದೆ ಕಂಪ್ಯೂಟರ್ ಬದಲಾದರೂ ಮಾನಿಟರ್ ಉಳಿಯುತ್ತದೆ.

ಕೀಬೋರ್ಡ್ ಸಾಧಾರಣದ್ದು ಸಾಕು. ಕನ್ನಡಕ್ಕೆಂದು ಬೇರೆ ಕೀಬೋರ್ಡ್ ಬೇಕಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಮೂಡುತ್ತದೆ. ಅವರು ನಮ್ಮ ಮುಂಬಯಿಯಲ್ಲಿ ಕೆಲಸ ಮಾಡಿದ್ದವರು ಎಂಬುದು ನಮಗೆ ಹೆಮ್ಮೆ.

ಹಾಗಾದರೆ ಯಾವುದಕ್ಕೆ ಎಷ್ಟು? ದರಗಳು ತಿಂಗಳಿಗೊಂದು ರೀತಿ ಇರುವುದರಿಂದ ನೂರು ರೂಪಾಯಿಯ ಲೆಕ್ಕದಲ್ಲಿ ಹೇಳುತ್ತೇನೆ. ಇದು ನನ್ನ ಕೈಯಳತೆ. ಪ್ರೊಸೆಸರ್ 25, ಮಾನಿಟರ್ 20, ಮದರ್‌ಬೋರ್ಡ್ 15, ರ‍್ಯಾಮ್ 14, ಎಸ್‌ಎಸ್‌ಡಿ 10, ಎಸ್‌ಎಂಪಿಎಸ್ 8, ಕ್ಯಾಬಿನೆಟ್ 5, ಕೀಬೋರ್ಡ್ ಮತ್ತು ಮೌಸ್ 3. ರ‍್ಯಾಮ್ ದರ ಏರಿದಾಗ ಸ್ವಲ್ಪ ಆಚೀಚೆ ಆಗುತ್ತದೆ. ಅಂಗಡಿಯವನ ಕೊಟೇಶನ್‌ನಲ್ಲಿ ಪ್ರೊಸೆಸರಿಗೆ 45, ಎಸ್‌ಎಂಪಿಎಸ್‌ಗೆ 2 ಬಿದ್ದಿದ್ದರೆ ಕಾರಣ ಕೇಳಿ.

ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದರೆ ಗುಜರಿಗೆ ಹಾಕುವ ಮೊದಲು ಯೋಚಿಸಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ, 8 ಜಿಬಿ ರ‍್ಯಾಮ್ ಮಾಡಿಸಿದರೆ ಎಷ್ಟೋ ಯಂತ್ರಗಳು ಮತ್ತೆ ಚುರುಕಾಗುತ್ತವೆ. ವಿಂಡೋಸ್ 11 ಬಾರದಿದ್ದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಬಹುದು. ಅವು ಉಚಿತ, ಕನ್ನಡವೂ ಬರುತ್ತದೆ. ಅಂಗಡಿಯಲ್ಲಿ "ವಿಂಡೋಸ್ ಫ್ರೀಯಾಗಿ ಹಾಕಿಕೊಡ್ತೇವೆ" ಎಂದರೆ ಲೈಸೆನ್ಸ್ ಇದೆಯೇ ಎಂದು ಕೇಳಿ. ಬ್ಯಾಂಕ್ ಪಾಸ್‌ವರ್ಡ್ ಒತ್ತುವ ಯಂತ್ರದಲ್ಲಿ ಕಳ್ಳಪ್ರತಿ ಇರಬಾರದು.

ಇನ್ನು ಪೇಟೆ. ಮುಂಬಯಿಯವರಿಗೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಇದೆ. ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ದಿಲ್ಲಿಯಲ್ಲಿ ನೆಹರೂ ಪ್ಲೇಸ್, ಬೆಂಗಳೂರಿನಲ್ಲಿ ಎಸ್. ಪಿ. ರೋಡ್ ಇವೆ. ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿ ತೋರಿಸಿ, ಪ್ರತಿ ಭಾಗದ ಕಂಪನಿ ಮತ್ತು ಮಾಡೆಲ್ ನಂಬರ್ ಸಹಿತ ದರ ಬರೆಸಿಕೊಳ್ಳಿ. ಬರೀ "8 ಜಿಬಿ ರ‍್ಯಾಮ್" ಎಂದು ಬರೆದರೆ ಒಪ್ಪಬೇಡಿ. ಆನ್‌ಲೈನ್ ದರವನ್ನೂ ಫೋನಿನಲ್ಲಿ ನೋಡಿಕೊಳ್ಳಿ.

"ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ" ಎಂಬ ಆಸೆ ತೋರಿಸುವವರಿದ್ದಾರೆ. ಬಿಲ್ಲೇ ಇಲ್ಲದಿದ್ದರೆ ಮುಂದೆ ವಾರಂಟಿ ಕೇಳುವುದು ಕಷ್ಟ. ಬಾಕ್ಸ್ ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರರಿಂದ ಐದು ವರ್ಷ ವಾರಂಟಿ ಇರುತ್ತದೆ. ಅದನ್ನು ಬಿಟ್ಟುಕೊಡುವುದು ಉಳಿತಾಯವಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ನಿಮ್ಮ ಕಣ್ಣೆದುರೇ ಪೆಟ್ಟಿಗೆ ಒಡೆಸಿ, ಖಾಲಿ ಡಬ್ಬಿಗಳನ್ನು ಮನೆಗೆ ತನ್ನಿ.

ಕೊನೆಯದಾಗಿ ಎರಡು ಮಾತು. ಕಂಪ್ಯೂಟರನ್ನು ಮಗನ ಕೋಣೆಯಲ್ಲಿಡದೆ ಹಾಲ್‌ನಲ್ಲಿಡಿ. ಮಗಳಿಗೂ ಅತ್ತೆಯವರಿಗೂ ನಿಮಗೂ ಅದರಲ್ಲಿ ಒಂದೊಂದು ಲಾಗಿನ್ ಇರಲಿ. ಇಲ್ಲವಾದರೆ ಎಲ್ಲರ ದುಡ್ಡಿನಲ್ಲಿ ತಂದದ್ದು ಒಬ್ಬರದಾಗಿಬಿಡುತ್ತದೆ. ಮತ್ತೆ, ಬಿಲ್ ಬರೆಯುವಾಗ ಅಂಗಡಿಯವರು "ಸಾರ್ ಹೆಸರು?" ಎಂದು ಕೇಳಿದರೆ, ನಿಮ್ಮ ಹೆಸರು ಹೇಳಿ ಬರೆಸಿ. ವಾರಂಟಿಗಾಗಿ ಮೂರು ವರ್ಷ ಆ ಕಾಗದವನ್ನು ಜೋಪಾನ ಮಾಡುವವರು ನೀವೇ ತಾನೇ?