ನೀರಾಟಕ್ಕೆ ಯಾವ ದಿನ, ಯಾವ ಹೊತ್ತು?

(ಮಹಿಳಾ ವೇದಿಕೆಯ ಏಪ್ರಿಲ್ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಮೇ ತಿಂಗಳು ಬಂತೆಂದರೆ ಪುಣೆಯ ಕನ್ನಡಿಗರ ಮನೆಗಳು ತುಂಬಿಬಿಡುತ್ತವೆ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಇಲ್ಲಿನ ರಾಜ್ಯ ಮಂಡಳಿಯ ಶಾಲೆಗಳಿಗೆ ಸಾಮಾನ್ಯವಾಗಿ ಮೇ ಆರಂಭದಿಂದ ಜೂನ್ ಮಧ್ಯದವರೆಗೆ. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಸಿಗುವುದು ಮೇ ತಿಂಗಳಲ್ಲಿ ಮಾತ್ರ. ಹುಬ್ಬಳ್ಳಿಯಿಂದ ಅಕ್ಕನ ಮಕ್ಕಳು, ಮೈಸೂರಿನಿಂದ ತಮ್ಮನ ಮಕ್ಕಳು ಬಂದಿಳಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಇಮ್ಯಾಜಿಕಾಕ್ಕೆ ಯಾವಾಗ?"

ಖೋಪೋಲಿ ಹತ್ತಿರದ ಇಮ್ಯಾಜಿಕಾದಲ್ಲಿ ಥೀಮ್ ಪಾರ್ಕ್ ಶುರುವಾದದ್ದು 2013ರಲ್ಲಿ, ಪಕ್ಕದ ವಾಟರ್ ಪಾರ್ಕ್ 2014ರಲ್ಲಿ. ಎರಡಕ್ಕೂ ಬೇರೆ ಬೇರೆ ಟಿಕೆಟ್. ಎಂಟು ಜನರ ಕುಟುಂಬಕ್ಕೆ ಇದು ಸಣ್ಣ ಖರ್ಚಲ್ಲ. ಇಷ್ಟು ದುಡ್ಡು ಕೊಟ್ಟು ಹೋಗಿ, ಮನೆಯ ಹೆಂಗಸರು ಇಡೀ ದಿನ ಚಪ್ಪಲಿ, ಮೊಬೈಲ್, ಟವೆಲ್ ಕಾಯುತ್ತ ಕೂತು ಬರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಬಾರದು ಎಂದರೆ ಹೊರಡುವ ಮೊದಲೇ ದಿನ ಮತ್ತು ಹೊತ್ತನ್ನು ಸರಿಯಾಗಿ ಗೊತ್ತುಮಾಡಿಕೊಳ್ಳಬೇಕು.

ಎರಡು ದಿನದ ಪ್ರವಾಸವಾದರೆ ಮೊದಲ ದಿನ ಥೀಮ್ ಪಾರ್ಕ್, ಎರಡನೇ ದಿನ ನೀರು. ಥೀಮ್ ಪಾರ್ಕಿನಲ್ಲಿ ನಡೆಯುವುದು, ಸಾಲಿನಲ್ಲಿ ನಿಲ್ಲುವುದು ಬಹಳ. ಅದಕ್ಕೆ ಕಾಲಲ್ಲಿ ಶಕ್ತಿ ಇರಬೇಕು. ನೀರಿನಲ್ಲಿ ಇಡೀ ದಿನ ಆಡಿದ ಮಕ್ಕಳು ಮರುದಿನ ಬೇಗ ಏಳುವುದಿಲ್ಲ, ಆ ದಿನದ ಟಿಕೆಟ್ಟಿನ ಅರ್ಧ ವ್ಯರ್ಥ. ನೀರಿನ ಆಟಗಳು ಸಾಮಾನ್ಯವಾಗಿ ಸಂಜೆ ಬೇಗ ನಿಲ್ಲುವುದರಿಂದ ಎರಡನೇ ದಿನ ಕತ್ತಲಾಗುವ ಮೊದಲೇ ಘಾಟ್ ಹತ್ತಬಹುದು. ನಾಲ್ಕಕ್ಕೆ ನೀರಿನಿಂದ ಮೇಲೆದ್ದರೆ ಒಳ್ಳೆಯದು. ನೀರಾಟದ ನಂತರ ನಿದ್ದೆ ಬರುವುದು ಮಕ್ಕಳಿಗೆ ಮಾತ್ರವಲ್ಲ, ಗಾಡಿ ಓಡಿಸುವವರಿಗೂ. ಅವರು ಚಹಾ ಕುಡಿದು ಅರ್ಧ ಗಂಟೆ ಕೂತು ಹೊರಡಲಿ. ಮೂರು ದಿನ ಇರುವವರು ನೀರಿನ ದಿನವನ್ನು ನಡುವೆ ಇಟ್ಟುಕೊಳ್ಳಿ.

ವಾರದ ನಡುವಿನ ದಿನ ಸಿಕ್ಕರೆ ಅದೇ ಮೇಲು. ಶನಿವಾರ, ಭಾನುವಾರ ಪಾರ್ಕಿನಲ್ಲೂ ಜಾತ್ರೆ, ಎಕ್ಸ್‌ಪ್ರೆಸ್‌ವೇಯ ಘಾಟಿನಲ್ಲೂ ಜಾತ್ರೆ.

ಇನ್ನು ಹೊತ್ತಿನ ಮಾತು. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಮನೆಯಿಂದ ಒಂದೂವರೆ ಎರಡು ಗಂಟೆ ದಾರಿ ಎಂದಿಟ್ಟುಕೊಂಡು, ಉಪ್ಪಿಟ್ಟೋ ಅವಲಕ್ಕಿಯೋ ತಿಂದು ಹೊರಡಿ. ಮೊದಲ ಒಂದೂವರೆ ಗಂಟೆ ದೊಡ್ಡ ಸ್ಲೈಡುಗಳಿಗೆ, ಆಗ ಸಾಲು ಚಿಕ್ಕದು. ಒಂದರಿಂದ ಮೂರರವರೆಗೆ ಬಿಸಿಲು ಅತಿ, ಆಗ ನೆರಳಿನಲ್ಲಿ ಊಟ, ವಿಶ್ರಾಂತಿ. ಆಮೇಲೆ ವೇವ್ ಪೂಲ್. ನೀರಿನಲ್ಲಿದ್ದರೂ ಮೈ ಬೆವರುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ. ಆಗಾಗ ನೀರು ಕುಡಿಸಿ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಥೀಮ್ ಪಾರ್ಕಿನ ದಿನವಾದರೆ ಇದೇ ಸುಡು ಹೊತ್ತನ್ನು ಛಾವಣಿಯೊಳಗಿನ ಆಟಗಳಿಗೆ ಇಟ್ಟುಕೊಳ್ಳಿ.

ಬೆಳಗಿನ ಹೊತ್ತಿಗೆ ಇನ್ನೊಂದು ಕಾರಣವಿದೆ. ಮೇ ತಿಂಗಳಲ್ಲಿ ಇಲ್ಲಿಯವರು ವಳವಾಚಾ ಪಾಊಸ ಎನ್ನುವ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಗುಡುಗು ಕೇಳಿಸಿದರೆ ಯಾರ ಮಾತಿಗೂ ಕಾಯದೆ ನೀರಿನಿಂದ ಹೊರಬನ್ನಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಟ್ಟಡದೊಳಗೇ ಇರಿ. ಜೂನ್ 10ರ ಸುಮಾರಿಗೆ ಪುಣೆಗೆ ಮುಂಗಾರು, ಕೊಂಕಣದ ಕಡೆ ಅದಕ್ಕೂ ಮೊದಲೇ.

ಊರಿಗೆ ಹೋದಾಗ ಬಿಡದಿಯ ವಂಡರ್‌ಲಾಕ್ಕೆ ಹೋಗುವವರಿದ್ದೀರಿ. 2005ರಲ್ಲಿ ಶುರುವಾದ ಆ ಪಾರ್ಕಿನಲ್ಲಿ ಒಂದೇ ಟಿಕೆಟ್ಟಿಗೆ ನೆಲದ ಆಟವೂ ನೀರಿನ ಆಟವೂ ಸೇರಿದೆ. ಅಲ್ಲಿ ಪಾರ್ಕ್ ಮುಚ್ಚುವ ಮೊದಲೇ ನೀರಿನ ಆಟಗಳು ನಿಲ್ಲುತ್ತವೆ. "ಕೊನೆಗೆ ನೀರಿಗೆ ಹೋದರಾಯಿತು" ಎಂದು ಕೂತರೆ ಕೆಡುತ್ತದೆ. ಬೆಳಗ್ಗೆ ಎರಡು ದೊಡ್ಡ ಆಟ ಮುಗಿಸಿ, ನಡುಹಗಲು ನೀರು, ಬಟ್ಟೆ ಬದಲಿಸಿದ ಮೇಲೆ ಉಳಿದ ಆಟ.

ಈಗ ನಮ್ಮದೇ ವಿಷಯ. ದಿನ ಗೊತ್ತುಮಾಡುವಾಗ ಯಜಮಾನರ ರಜೆ ನೋಡುತ್ತೇವೆ, ಮಕ್ಕಳ ಕ್ಲಾಸ್ ನೋಡುತ್ತೇವೆ, ಗೋಡೆಯ ಕಾಲನಿರ್ಣಯದಲ್ಲಿ ಸಂಕಷ್ಟಿಯನ್ನೂ ನೋಡುತ್ತೇವೆ. ಮುಟ್ಟಿನ ದಿನಗಳನ್ನು ಮಾತ್ರ ಟಿಕೆಟ್ ತೆಗೆದ ಮೇಲೆ ಎಣಿಸುತ್ತೇವೆ. ಮೊದಲೇ ಎಣಿಸಿ, ಹೆಣ್ಣುಮಕ್ಕಳನ್ನೂ ಕೇಳಿ. ದಿನ ತಪ್ಪಿ ಬಂದರೂ ಗಾಬರಿ ಬೇಡ. ಪ್ಯಾಡ್ ನೀರಿನಲ್ಲಿ ನೆನೆದು ಕೆಲಸಕ್ಕೆ ಬಾರದು. ಕಪ್ ಅಥವಾ ಟ್ಯಾಂಪೂನ್ ಅಭ್ಯಾಸವಿದ್ದವರು ಧೈರ್ಯವಾಗಿ ಇಳಿಯಬಹುದು. ಒಂದು ದಿನದ ಆಟಕ್ಕಾಗಿ ಮುಟ್ಟು ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಅದು ಎಲ್ಲರಿಗೂ ಹೊಂದುವ ಔಷಧವಲ್ಲ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅಪಾಯ.

ಬಟ್ಟೆಗೆ ನೈಲಾನ್ ಲೆಗ್ಗಿಂಗ್, ತೋಳಿರುವ ಟಾಪ್ ಸಾಕು. ಸೀರೆ, ದುಪಟ್ಟಾ ಸ್ಲೈಡಿಗೆ ಅಪಾಯ. ಬಳೆ, ಸರ, ಕಾಲ್ಗೆಜ್ಜೆ ಮನೆಯಲ್ಲೇ ಬಿಡಿ. ಸಾಮಾನಿಗೆ ಲಾಕರ್ ಇದೆ, ಅದನ್ನು ಕಾಯುವ ಕೆಲಸ ನಮಗೆ ಬೇಡ.

ಕಾಯಬೇಕಾದದ್ದು ಮಕ್ಕಳನ್ನು. ಮುಳುಗುವ ಮಗು ಸಿನಿಮಾದಂತೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಎಂಟು ದೊಡ್ಡವರಿದ್ದರೆ ಎಲ್ಲರೂ "ಬೇರೆಯವರು ನೋಡುತ್ತಿದ್ದಾರೆ" ಎಂದುಕೊಳ್ಳುತ್ತಾರೆ. ಅದಕ್ಕೇ ಅರ್ಧ ಗಂಟೆಗೊಬ್ಬರ ಪಾಳಿ ಮಾಡಿ. ಆ ಅರ್ಧ ಗಂಟೆ ಅವರ ಕೈಯಲ್ಲಿ ಮೊಬೈಲ್ ಇರಬಾರದು, ಚಿಕ್ಕ ಮಗು ಕೈಗೆಟುಕುವಷ್ಟು ಹತ್ತಿರ ಇರಬೇಕು. ಪಾಳಿ ಬದಲಾಗುವಾಗ "ಈಗ ನೀವು" ಎಂದು ಬಾಯಿಬಿಟ್ಟು ಹೇಳಿ. ಆ ಪಾಳಿಯಲ್ಲಿ ಗಂಡಸರ ಹೆಸರೂ ಇರಲಿ. ಬೆಳಗ್ಗೆ ಕಾರಿನಲ್ಲೇ ಇದು ತೀರ್ಮಾನವಾದರೆ ಅತ್ತೆ, ವಾರಗಿತ್ತಿ, ನಾವು ಎಲ್ಲರಿಗೂ ನೀರಿಗಿಳಿಯುವ ಸಮಯ ಸಿಗುತ್ತದೆ. ಮಂಡಿ ನೋವಿನ ಅತ್ತೆಯವರಿಗೆ ಸ್ಲೈಡ್ ಬೇಡ. ಆಳವಿಲ್ಲದ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತರೂ ಖುಷಿಯೇ.

ಹೊರಡುವ ಹಿಂದಿನ ದಿನ ಪಾರ್ಕಿನ ಆ ದಿನದ ಸಮಯವನ್ನೊಮ್ಮೆ ನೋಡಿಕೊಳ್ಳಿ. ಹೋಗಿಬಂದ ಮೇಲೆ ಮುಂದಿನ ಕೂಟದಲ್ಲಿ ಹೇಳಿ, ಎಷ್ಟು ಜನ ನೀರಿಗಿಳಿದಿರಿ ಅಂತ.